ಹಬ್ಬದ ಡಬ್ಬಿ, ಹಲ್ಲಿನ ಲೆಕ್ಕ

ನಮ್ಮ ಹಬ್ಬದೂಟಕ್ಕೆ ಒಂದು ಕ್ರಮವಿದೆ. ಎಲೆ ಹಾಕಿ, ನೀರು ಚಿಮುಕಿಸಿ ಒರೆಸಿದ ಮೇಲೆ ತುದಿಗೆ ಒಂದು ಚಮಚ ಪಾಯಸ ಬೀಳುತ್ತದೆ. ಆಮೇಲೆ ಕೋಸಂಬರಿ, ಪಲ್ಯ, ಚಿತ್ರಾನ್ನ, ಸಾರು, ಹುಳಿ. ನಡುವೆ ಎಲ್ಲೋ ತುಪ್ಪ ಸುರಿದ ಹೋಳಿಗೆ. ಕೊನೆಗೆ ಮೊಸರನ್ನ ಅಥವಾ ಮಜ್ಜಿಗೆ. ಎಲೆ ಮಡಿಚಿ ಎದ್ದವರು ಕೈತೊಳೆದು, ಬಾಯಿ ಮುಕ್ಕಳಿಸಿ ಬಂದರೆ ಅಲ್ಲಿಗೆ ಊಟ ಮುಗಿಯಿತು. ಎಲೆಯ ಮೇಲೆ ಸಿಹಿ ಎಷ್ಟೇ ಇದ್ದರೂ ಅದಕ್ಕೊಂದು ಶುರು ಇತ್ತು, ಒಂದು ಮುಕ್ತಾಯ ಇತ್ತು. ಹಬ್ಬ ಬಂತೆಂದರೆ ಹಲ್ಲು ಹಾಳಾಗುತ್ತದೆ ಎಂದು ಎಚ್ಚರಿಸುವವರು ಸಾಮಾನ್ಯವಾಗಿ ಬೆರಳು ತೋರಿಸುವುದು ಈ ಎಲೆಯ ಕಡೆಗೆ. ನನ್ನ ಪ್ರಕಾರ ತೋರಿಸಬೇಕಾದದ್ದು ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ನಿಂತಿರುವ ಡಬ್ಬಿಗಳ ಕಡೆಗೆ. ರವೆಉಂಡೆಯ ಡಬ್ಬಿ, ಕರ್ಜಿಕಾಯಿಯ ಡಬ್ಬಿ, ನೆಂಟರು ತಂದ ಮೈಸೂರುಪಾಕಿನ ಪೊಟ್ಟಣ, ಕಚೇರಿಯಲ್ಲಿ ಕೊಟ್ಟ ಸ್ವೀಟ್ ಬಾಕ್ಸ್. ಇವುಗಳ ಮುಚ್ಚಳ ಬೆಳಗಿನಿಂದ ರಾತ್ರಿಯವರೆಗೆ ತೆರೆಯುತ್ತಲೇ ಇರುತ್ತದೆ. ಹೋಗುತ್ತಾ ಒಂದು ಚೂರು, ಬರುತ್ತಾ ಒಂದು ಚೂರು. ಹಬ್ಬದ ದಿನಗಳಲ್ಲಿ ಹಲ್ಲಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಈ ಚೂರುಗಳಿಂದ. ಹೀಗೆ ಹೇಳಲು ಎಂಬತ್ತು ವರ್ಷಗಳ ಪ್ರಯೋಗಗಳ ಆಧಾರವಿದೆ.

ಕನ್ನಡದಲ್ಲಿ ಕೆಟ್ಟ ಹಲ್ಲಿಗೆ ಹುಳುಕು ಹಲ್ಲು ಎನ್ನುತ್ತೇವೆ. ಹಲ್ಲಿನೊಳಗೆ ಹುಳ ಸೇರಿ ಕೊರೆಯುತ್ತದೆ ಎಂಬ ಪುರಾತನ ನಂಬಿಕೆ ಆ ಪದದಲ್ಲಿ ಉಳಿದಿದೆ. ಜಗತ್ತಿನ ಹಲವು ನಾಡುಗಳಲ್ಲಿ ಇದೇ ನಂಬಿಕೆ ಇತ್ತು. 1890ರಲ್ಲಿ ಬರ್ಲಿನ್‌ನಲ್ಲಿದ್ದ ಅಮೆರಿಕದ ದಂತವೈದ್ಯ ವಿಲೋಬಿ ಮಿಲ್ಲರ್ ನಿಜ ಸಂಗತಿಯನ್ನು ಪುಸ್ತಕವಾಗಿ ಮುಂದಿಟ್ಟ. ಬಾಯಲ್ಲಿ ವಾಸವಾಗಿರುವ ಬ್ಯಾಕ್ಟೀರಿಯಾಗಳು ನಾವು ತಿಂದ ಸಕ್ಕರೆ, ಪಿಷ್ಟಗಳನ್ನು ಹುದುಗಿಸಿ ಆಮ್ಲ ಮಾಡುತ್ತವೆ. ಆ ಆಮ್ಲ ಹಲ್ಲಿನ ಹೊರಕವಚವಾದ ಎನಾಮಲ್ಲಿನಿಂದ ಖನಿಜವನ್ನು ಕರಗಿಸುತ್ತದೆ. ಹುಳುಕಿಗೆ ಮೂಲ ಇದು. ನಾಲಿಗೆಯಲ್ಲಿ ಹಲ್ಲು ಸವರಿದಾಗ ತಾಗುವ ಲೋಳೆಯಂಥ ತೆಳುಪದರ, ವೈದ್ಯರು ಪ್ಲಾಕ್ ಎನ್ನುವ ಪಾಚಿ, ಈ ಜೀವಿಗಳ ಮನೆ. 1940ರ ದಶಕದಲ್ಲಿ ರಾಬರ್ಟ್ ಸ್ಟೀಫನ್ ಎಂಬ ಸಂಶೋಧಕ ಈ ಪಾಚಿಯೊಳಗಿನ ಆಮ್ಲೀಯತೆಯನ್ನೇ ಅಳೆದು ತೋರಿಸಿದ. ಸಕ್ಕರೆನೀರು ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಪಿಎಚ್ ದಡಕ್ಕನೆ ಕುಸಿಯುತ್ತದೆ. ಅದು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ಲಿನ ಖನಿಜ ಕರಗಲು ಶುರುವಾಗುತ್ತದೆ. ಆಮೇಲೆ ಜೊಲ್ಲು ಕೆಲಸಕ್ಕಿಳಿದು ಆಮ್ಲವನ್ನು ತೊಳೆದು, ತಟಸ್ಥಗೊಳಿಸಿ, ತನ್ನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟನ್ನು ಹಲ್ಲಿಗೆ ಮರಳಿ ತುಂಬುತ್ತದೆ. ಇಡೀ ಪ್ರಕ್ರಿಯೆ ಮೊದಲಿನ ಸ್ಥಿತಿಗೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಂದರೆ ಹಲ್ಲು ದಿನಾ ಕರಗುತ್ತದೆ, ದಿನಾ ರಿಪೇರಿಯಾಗುತ್ತದೆ. ನಾವು ದಿನಕ್ಕೆ ಮೂರು ಹೊತ್ತು ಉಂಡು ಸುಮ್ಮನಿದ್ದರೆ ಉಳಿದ ಹೊತ್ತೆಲ್ಲ ರಿಪೇರಿಗೆ ಸಿಗುತ್ತದೆ.

ಈಗ ಲೆಕ್ಕ ಹಾಕಿ ನೋಡಿ. ಮಧ್ಯಾಹ್ನ ಎಲೆಯ ಮುಂದೆ ಕೂತು ಎರಡು ಹೋಳಿಗೆ ತಿಂದವರ ಬಾಯಿ ಒಂದು ಸಲ ಆಮ್ಲೀಯವಾಗುತ್ತದೆ, ಒಂದು ಗಂಟೆಯೊಳಗೆ ಸುಧಾರಿಸಿಕೊಳ್ಳುತ್ತದೆ. ಅದೇ ಎರಡು ಹೋಳಿಗೆಯನ್ನು ಎಂಟು ತುಂಡು ಮಾಡಿ ಬೆಳಗಿನ ಹತ್ತರಿಂದ ಸಂಜೆ ಐದರವರೆಗೆ ಗಂಟೆಗೊಂದರಂತೆ ಬಾಯಿಗೆ ಹಾಕಿಕೊಂಡವರಿಗೆ? ಒಂದು ಕುಸಿತದಿಂದ ಏಳುವ ಹೊತ್ತಿಗೆ ಮತ್ತೊಂದು ಕುಸಿತ. ಹೊಟ್ಟೆಗೆ ಹೋದದ್ದು ಅಷ್ಟೇ ಸಕ್ಕರೆ, ಅಷ್ಟೇ ಕ್ಯಾಲೊರಿ. ಹಲ್ಲಿನ ಪಾಲಿಗೆ ಮಾತ್ರ ಮೊದಲನೆಯದು ಒಂದು ಗಂಟೆಯ ಕಷ್ಟ, ಎರಡನೆಯದು ಇಡೀ ದಿನದ ಕಷ್ಟ.

ಇದು ಬರೀ ಊಹೆಯ ಗಣಿತವಲ್ಲ. ಸ್ವೀಡನ್ನಿನ ಲುಂಡ್ ಪಟ್ಟಣದ ಹತ್ತಿರ ವಿಪೆಹೋಲ್ಮ್ ಎಂಬ ಆಸ್ಪತ್ರೆಯಲ್ಲಿ 1945ರಿಂದ ಹಲವು ವರ್ಷ ಒಂದು ದೊಡ್ಡ ಅಧ್ಯಯನ ನಡೆಯಿತು. ಅಲ್ಲಿದ್ದವರು ಬುದ್ಧಿಮಾಂದ್ಯತೆಯುಳ್ಳ ಜನ. ಒಪ್ಪಿಗೆ ಕೊಡುವ ಅಥವಾ ನಿರಾಕರಿಸುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಹಲ್ಲು ಹಾಳಾಗಬಹುದೆಂದು ಗೊತ್ತಿದ್ದೇ ಅವರಿಗೆ ಸಿಹಿ ತಿನ್ನಿಸಲಾಯಿತು. ಅದು ಅನ್ಯಾಯ, ಆ ಅಧ್ಯಯನವನ್ನು ಉಲ್ಲೇಖಿಸುವಾಗಲೆಲ್ಲ ಆ ಮಾತನ್ನೂ ಹೇಳಲೇಬೇಕು. ಆದರೆ ಅವರ ಬಾಯಿಗಳು ತೆತ್ತ ಬೆಲೆಯಿಂದ ತಿಳಿದುಬಂದದ್ದನ್ನು ಮರೆಯುವುದೂ ಸರಿಯಲ್ಲ. ಒಂದು ಗುಂಪಿಗೆ ಊಟದ ಜೊತೆಗೇ ಸಕ್ಕರೆ ಕೊಟ್ಟರು. ಹುಳುಕು ಸ್ವಲ್ಪವಷ್ಟೇ ಹೆಚ್ಚಿತು. ಇನ್ನೊಂದು ಗುಂಪಿಗೆ ಊಟಗಳ ನಡುವೆ ಹಲ್ಲಿಗೆ ಅಂಟುವ ಟಾಫಿ ಕೊಟ್ಟರು, ದಿನಕ್ಕೆ ಇಪ್ಪತ್ತನಾಲ್ಕರವರೆಗೆ. ಹುಳುಕು ಒಮ್ಮೆಲೇ ಏರಿತು. ಟಾಫಿ ನಿಲ್ಲಿಸಿದಾಗ ಹೊಸ ಹುಳುಕಿನ ವೇಗವೂ ಇಳಿಯಿತು. 1954ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಸ್ವೀಡನ್ನಿನ ಮನೆಗಳಲ್ಲಿ ಒಂದು ಹೊಸ ರೂಢಿ ಬೇರೂರಿತು: ಮಕ್ಕಳಿಗೆ ಸಿಹಿ ಶನಿವಾರ ಮಾತ್ರ, ತಿಂದಷ್ಟು ತಿನ್ನಲಿ, ಉಳಿದ ದಿನ ಬೇಡ. ಇಂದಿಗೂ ಅಲ್ಲಿ ‘ಶನಿವಾರದ ಸಿಹಿ’ ಎಂಬ ಮಾತು ಬಳಕೆಯಲ್ಲಿದೆ.

ಹಬ್ಬ ವರ್ಷಕ್ಕೊಮ್ಮೆ ಬರುವುದು, ನಾಲ್ಕು ದಿನ ತಿಂದರೆ ಏನಾಗಿಬಿಡುತ್ತದೆ ಎಂದು ಕೇಳುವವರುಂಟು. ಪ್ರಶ್ನೆ ಸಹಜವಾದದ್ದೇ. ಆದರೆ ಪಂಚಾಂಗ ತೆರೆದು ನೋಡಿದರೆ ನಾಲ್ಕು ದಿನದ ಲೆಕ್ಕ ನಿಲ್ಲುವುದಿಲ್ಲ. ಶ್ರಾವಣದ ನಾಗರಪಂಚಮಿಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಉಂಡಿ ಕಟ್ಟುವುದರಿಂದ ಶುರು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು. ಕೃಷ್ಣಾಷ್ಟಮಿ, ಗೌರಿ–ಗಣೇಶ, ನವರಾತ್ರಿ, ದೀಪಾವಳಿ, ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿನ ಕುಸ್ವಾರ್, ಕಡೆಗೆ ಸಂಕ್ರಾಂತಿಯ ಎಳ್ಳುಬೆಲ್ಲ. ಐದಾರು ತಿಂಗಳ ಸಾಲು ಇದು. ಅದರಲ್ಲೂ ನವರಾತ್ರಿ ಶುರುವಾಗುವ ಆಶ್ವಯುಜ ಶುದ್ಧ ಪಾಡ್ಯದಿಂದ ಬಲಿಪಾಡ್ಯಮಿಯವರೆಗೆ ಸರಿಯಾಗಿ ಒಂದು ಚಾಂದ್ರಮಾಸ. ಒಂದು ತಿಂಗಳಲ್ಲಿ ಹಲ್ಲು ಹಾಳಾಗುತ್ತದೆಯೇ? 1970ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ನೇರ ಉತ್ತರ ಕೊಡುತ್ತದೆ. ಫಾನ್ ಡೆರ್ ಫೆಹ್ರ್ ಮತ್ತು ಸಂಗಡಿಗರು ಕೆಲವು ದಂತವೈದ್ಯ ವಿದ್ಯಾರ್ಥಿಗಳಿಗೆ ಹಲ್ಲುಜ್ಜುವುದನ್ನು ನಿಲ್ಲಿಸಿ ದಿನಕ್ಕೆ ಒಂಬತ್ತು ಸಲ ಸಕ್ಕರೆನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿದರು. ಇಪ್ಪತ್ತಮೂರು ದಿನಗಳಲ್ಲಿ ಎನಾಮಲ್ಲಿನ ಮೇಲೆ ಸುಣ್ಣದಂಥ ಬಿಳಿ ಕಲೆಗಳು ಕಾಣಿಸಿಕೊಂಡವು. ಹುಳುಕಿನ ಮೊದಲ ಹೆಜ್ಜೆ ಅದು. ಒಂಬತ್ತು ಸಲ ಎನ್ನುವುದು ದೊಡ್ಡ ಸಂಖ್ಯೆಯೆನಿಸಬಹುದು. ರಜೆಯಲ್ಲಿ ಮನೆಯಲ್ಲಿರುವ ಮಗು ಡಬ್ಬಿಗೆ ಎಷ್ಟು ಸಲ ಕೈಹಾಕುತ್ತದೆ ಎಂದು ಒಂದು ದಿನ ಎಣಿಸಿದರೆ ಆ ಸಂಖ್ಯೆ ದೊಡ್ಡದೆನಿಸಲಿಕ್ಕಿಲ್ಲ. ಇದೇ ಪ್ರಯೋಗದಲ್ಲಿ ಸಮಾಧಾನದ ಸಂಗತಿಯೂ ಇದೆ. ಮತ್ತೆ ಚೆನ್ನಾಗಿ ಉಜ್ಜಲು ಶುರುಮಾಡಿ ಫ್ಲೋರೈಡ್ ಬಳಸಿದ ಮೇಲೆ ಆ ಕಲೆಗಳು ಹಿಂದೆ ಸರಿದವು. ಗುಂಡಿ ಬೀಳುವ ಮುಂಚೆ ಹಲ್ಲಿಗೆ ವಾಪಸ್ಸು ಬರುವ ದಾರಿ ಇದೆ. ಗುಂಡಿ ಬಿದ್ದ ಮೇಲೆ ಇಲ್ಲ.

ಇನ್ನೊಂದು ಆಕ್ಷೇಪಣೆ ಬೆಲ್ಲದ್ದು. ನಮ್ಮ ಹಬ್ಬದ ಸಿಹಿಗಳು ಬೆಲ್ಲದವು, ಬೆಲ್ಲ ಸಕ್ಕರೆಯ ಹಾಗಲ್ಲ, ಅದರಲ್ಲಿ ಕಬ್ಬಿಣವಿದೆ ಎನ್ನುತ್ತಾರೆ. ಕಬ್ಬಿಣಾಂಶ, ಇತರ ಖನಿಜಗಳು ಸ್ವಲ್ಪ ಮಟ್ಟಿಗೆ ಇರುವುದು ಹೌದು. ಆದರೆ ಬೆಲ್ಲದ ಬಹುಪಾಲು ಸುಕ್ರೋಸ್. ಅಂದರೆ ಸಕ್ಕರೆ ಯಾವುದೋ ಅದೇ. ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ಬಣ್ಣ ನೋಡಿ ಭೇದ ಮಾಡುವುದಿಲ್ಲ. ಜೇನುತುಪ್ಪಕ್ಕೂ, ಖರ್ಜೂರ ಅರೆದು ಮಾಡಿ ಸಕ್ಕರೆ ಸೇರಿಸಿಲ್ಲವೆಂದು ಮಾರುವ ಉಂಡೆಗಳಿಗೂ ಇದೇ ಮಾತು. ಅವು ಹೊಟ್ಟೆಗೆ ಒಳ್ಳೆಯದಾಗಿರಬಹುದು, ಹಲ್ಲಿಗೆ ಅಂಟಿಕೊಳ್ಳುವುದರಲ್ಲಿ ಒಂದು ಕೈ ಮೇಲೆಯೇ.

ಅಜ್ಜ ಅಜ್ಜಿಯರು ಬೆಲ್ಲ ತಿಂದೇ ಬೆಳೆದರು, ಬೇವಿನ ಕಡ್ಡಿಯಲ್ಲಿ ಉಜ್ಜಿದರು, ಎಂಬತ್ತರಲ್ಲೂ ಕಬ್ಬು ಸಿಗಿಯುತ್ತಿದ್ದರು ಎಂಬ ಮಾತು ಇನ್ನೂ ಗಟ್ಟಿಯಾದದ್ದು; ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಹಲ್ಲುಗಳ ಶ್ರೇಯಸ್ಸನ್ನು ಬೆಲ್ಲಕ್ಕೂ ಕಡ್ಡಿಗೂ ಕೊಡುವ ಮೊದಲು ಒಂದು ಅಂಕಿ ನೋಡಬೇಕು. 1950–51ರಲ್ಲಿ ಇಡೀ ದೇಶದ ಕಾರ್ಖಾನೆಗಳು ತಯಾರಿಸಿದ ಸಕ್ಕರೆ ಸುಮಾರು 11 ಲಕ್ಷ ಟನ್. ಜನಸಂಖ್ಯೆ 36 ಕೋಟಿ. ತಲೆಗೆ ವರ್ಷಕ್ಕೆ ಮೂರು ಕಿಲೋ ಚಿಲ್ಲರೆ. ಇವತ್ತು ಅದು ಇಪ್ಪತ್ತು ಕಿಲೋದ ಆಸುಪಾಸಿನಲ್ಲಿದೆ. ಬೆಲ್ಲವನ್ನು ಅವರು ನಮಗಿಂತ ಹೆಚ್ಚು ತಿಂದಿರಬಹುದು. ಆದರೆ ಬಿಸ್ಕತ್ತು, ಚಾಕೊಲೇಟ್, ಬೇಕರಿಯ ಕೇಕು, ಬಾಟಲಿ ಪಾನೀಯ, ದಿನಕ್ಕೆ ನಾಲ್ಕು ಲೋಟ ಸಿಹಿ ಕಾಫಿ ಚಹಾ ಇವೆಲ್ಲ ಎಲ್ಲರಿಗೂ ಎಟುಕುವ ಕಾಲ ಅದಾಗಿರಲಿಲ್ಲ. ಅವರಿಗೆ ಹಬ್ಬದ ಸಿಹಿ ಹಬ್ಬಕ್ಕೇ ಸೀಮಿತವಾಗಿತ್ತು. ಮಿಕ್ಕ ದಿನಗಳಲ್ಲಿ ರಾಗಿಮುದ್ದೆ, ಜೋಳದ ರೊಟ್ಟಿ, ಅನ್ನ. ನಮಗೆ ಹಬ್ಬದ ಸಿಹಿ ಬಂದು ಕೂರುವುದು ಈಗಾಗಲೇ ಸಿಹಿಯಾಗಿರುವ ದಿನಗಳ ಮೇಲೆ. ಜೊತೆಗೆ, ಹಲ್ಲು ಉದುರಿ ಬೊಚ್ಚುಬಾಯಿಯಾದ ಅಜ್ಜ ಅಜ್ಜಿಯರೂ ಊರ ತುಂಬ ಇದ್ದರು. ನಮ್ಮ ನೆನಪಿನಲ್ಲಿ ಉಳಿಯುವುದು ಕಬ್ಬು ಸಿಗಿದವರು.

ಯಾವ ತಿಂಡಿ ಎಷ್ಟು ಹೊತ್ತು ಬಾಯಲ್ಲಿ ಉಳಿಯುತ್ತದೆ ಎಂಬುದು ಅದರ ರುಚಿಗಿಂತ ಮುಖ್ಯ. ಪಾಯಸ ನಾಲಿಗೆಯ ಮೇಲೆ ಹರಿದು ಹೋಗುತ್ತದೆ. ತುಪ್ಪದ ಹೋಳಿಗೆ ಮೆತ್ತಗೆ ಇಳಿಯುತ್ತದೆ. ಮೈಸೂರುಪಾಕು, ಧಾರವಾಡ ಪೇಡೆ ಸಿಹಿಯಲ್ಲಿ ಯಾವುದಕ್ಕೂ ಕಡಿಮೆಯಿಲ್ಲ, ಆದರೆ ಬೇಗ ಕರಗುತ್ತವೆ. ಗೋಕಾಕದ ಕರದಂಟು ಹೆಸರಿನಲ್ಲೇ ಅಂಟನ್ನು ಇಟ್ಟುಕೊಂಡಿದೆ. ಅದು, ಕಡಲೆಕಾಯಿ ಚಿಕ್ಕಿ, ಪಾಕ ಗಟ್ಟಿಯಾದ ಎಳ್ಳುಂಡೆ ಇವು ದವಡೆ ಹಲ್ಲಿನ ಕುಳಿಗಳಲ್ಲಿ ಕೂತುಬಿಡುತ್ತವೆ. ಹಳೆಯ ಸಿಮೆಂಟ್, ಕ್ಯಾಪ್ ಇರುವವರಿಗೆ ಚಿಕ್ಕಿಯೂ ಗಟ್ಟಿ ಕೋಡುಬಳೆಯೂ ಇನ್ನೊಂದು ಬಗೆಯ ಅಪಾಯ: ಕಡಿದಾಗ ಸಿಮೆಂಟ್ ಏಳುತ್ತದೆ, ಕೆಲವೊಮ್ಮೆ ಹಲ್ಲಿನ ಮೂಲೆಯೇ ಸಿಡಿಯುತ್ತದೆ. ಎಲ್ಲಕ್ಕಿಂತ ಹೆಚ್ಚು ಹೊತ್ತು ಬಾಯಲ್ಲಿರುವುದು ಸಂಕ್ರಾಂತಿಯ ಸಕ್ಕರೆ ಅಚ್ಚು. ಮಕ್ಕಳು ಅದನ್ನು ಕಡಿಯುವುದಿಲ್ಲ, ಚೀಪುತ್ತಾರೆ. ಆನೆ, ಬಾತುಕೋಳಿ, ತೇರು ಎಂದು ಒಂದೊಂದನ್ನೂ ಅರ್ಧ ಗಂಟೆ ಕೆನ್ನೆಯೊಳಗೆ ಇಟ್ಟುಕೊಂಡರೆ ಅಷ್ಟು ಹೊತ್ತೂ ಹಲ್ಲು ಸಕ್ಕರೆಪಾಕದಲ್ಲಿ ಮುಳುಗಿದ ಹಾಗೆ. ಅದೇ ಹಬ್ಬದ ಎಳ್ಳು, ಕಡಲೆಬೀಜ, ಕೊಬ್ಬರಿ ಹಲ್ಲಿಗೆ ಏನೂ ಮಾಡುವುದಿಲ್ಲ. ಮಿಶ್ರಣದಲ್ಲಿ ಬೆಲ್ಲದ ಅಚ್ಚಿನ ಪಾಲನ್ನು ಕಡಿಮೆ ಮಾಡಿ ಕೊಬ್ಬರಿ, ಬೀಜದ ಪಾಲು ಹೆಚ್ಚಿಸಿದರೆ ಎಳ್ಳು ಬೀರುವ ಸಂಭ್ರಮಕ್ಕೆ ಕುಂದಿಲ್ಲ. ಸಿಹಿಯಲ್ಲದ ತಿಂಡಿಗಳನ್ನು ನಾವು ಪೂರ್ತಿ ನಿರಪರಾಧಿಗಳೆಂದು ಬಿಟ್ಟುಬಿಡುತ್ತೇವೆ, ಅದೂ ಸರಿಯಲ್ಲ. ಚಕ್ಕುಲಿ, ನಿಪ್ಪಟ್ಟಿನ ಪುಡಿ ನೆಂದು ಹಿಟ್ಟಾಗಿ ಹಲ್ಲಿನ ಸಂದಿಯಲ್ಲಿ ಕೂತರೆ ಜೊಲ್ಲಿನಲ್ಲಿರುವ ಕಿಣ್ವವೇ ಆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಸಿಹಿಯ ಜೊತೆಗೆ ಖಾರದ ತಿಂಡಿಯ ಪುಡಿಯೂ ಸೇರಿದರೆ ಸಂದಿಯಲ್ಲಿ ಉಳಿಯುವ ಕಾಲ ಇನ್ನೂ ಹೆಚ್ಚು.

ಇಷ್ಟು ಹೊತ್ತು ಹಲ್ಲಿನ ಮಾತಾಯಿತು. ಒಸಡಿನ ಕಥೆ ಬೇರೆ; ಅದು ಸಕ್ಕರೆಗಿಂತ ಹೆಚ್ಚಾಗಿ ಉಜ್ಜದೆ ಬಿಟ್ಟ ರಾತ್ರಿಗಳ ಕಥೆ. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹೆರಾಲ್ಡ್ ಲೋ ಎಂಬ ದಂತವಿಜ್ಞಾನಿ ಆರೋಗ್ಯವಂತ ಒಸಡಿನ ಹನ್ನೆರಡು ಮಂದಿಗೆ ಹಲ್ಲುಜ್ಜುವುದನ್ನು ಸಂಪೂರ್ಣ ನಿಲ್ಲಿಸಲು ಹೇಳಿದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಹನ್ನೆರಡೂ ಜನರ ಒಸಡು ಕೆಂಪಾಗಿ ಊದಿಕೊಂಡಿತು. ಉಜ್ಜಲು ಮತ್ತೆ ಶುರುಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ದಂತವೈದ್ಯದಲ್ಲಿ ಇಷ್ಟು ಸ್ಪಷ್ಟವಾಗಿ ಕಾರಣ–ಪರಿಣಾಮ ತೋರಿಸಿದ ಪ್ರಯೋಗಗಳು ಕಡಿಮೆ. ಹಬ್ಬದ ದಿನಗಳಲ್ಲಿ ನಾವು ಬೆಳಿಗ್ಗೆ ಉಜ್ಜುವುದನ್ನು ಬಿಡುವುದಿಲ್ಲ. ಉಜ್ಜದೆ, ಮೀಯದೆ ಪೂಜೆಗೆ ನಿಲ್ಲುವ ಹಾಗಿಲ್ಲ. ಬಿಟ್ಟುಹೋಗುವುದು ರಾತ್ರಿಯದು. ನೆಂಟರು, ಪಟಾಕಿ, ಮಾತು, ಊರಿಂದ ಊರಿಗೆ ಬಸ್ಸಿನ ಪ್ರಯಾಣ, ಹನ್ನೊಂದು ಗಂಟೆಗೆ ಕೊನೆಯ ಜಾಮೂನು, ಹಾಗೆಯೇ ನಿದ್ದೆ. ಎಚ್ಚರವಿದ್ದಾಗ ಸುರಿಯುವ ಜೊಲ್ಲು ನಿದ್ದೆಯಲ್ಲಿ ತೀರ ಕಡಿಮೆಯಾಗುತ್ತದೆ. ಹಲ್ಲಿನ ರಿಪೇರಿ ಕೆಲಸಗಾರ ರಜೆಯಲ್ಲಿರುವ ಹೊತ್ತು ಅದು. ಆ ಹೊತ್ತಿಗೆ ಬಾಯಲ್ಲಿ ಸಿಹಿ ಬಿಟ್ಟು ಮಲಗುವುದು ಇಡೀ ದಿನದ ತಪ್ಪುಗಳಲ್ಲಿ ದೊಡ್ಡದು.

ಉಜ್ಜುವಾಗ ರಕ್ತ ಬಂದರೆ ನಮ್ಮವರು ಮಾಡುವ ಮೊದಲ ಕೆಲಸ ಆ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಡುವುದು. ಆಗಬೇಕಾದದ್ದು ತದ್ವಿರುದ್ಧ. ಆರೋಗ್ಯವಾಗಿರುವ ಒಸಡಿನಿಂದ ರಕ್ತ ಬರುವುದಿಲ್ಲ. ಬಂತೆಂದರೆ ಸಾಮಾನ್ಯವಾಗಿ ಅಲ್ಲಿ ಪಾಚಿ ಕೂತಿದೆ ಎಂದರ್ಥ. ಮೆತ್ತನೆಯ ಬ್ರಷ್ಷಿನಲ್ಲಿ ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ಮೃದುವಾಗಿ ಉಜ್ಜುತ್ತಾ ಹೋದರೆ ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ನಿಲ್ಲುತ್ತದೆ. ನಿಲ್ಲದಿದ್ದರೆ ಒಳಗೆ ಪಾಚಿ ಗಟ್ಟಿಯಾಗಿ ಗಾರೆ ಕಟ್ಟಿರಬಹುದು; ಅದನ್ನು ಬ್ರಷ್ ತೆಗೆಯಲಾರದು, ವೈದ್ಯರೇ ಕ್ಲೀನ್ ಮಾಡಬೇಕು. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಹೆದರಿಕೆ ನಮ್ಮಲ್ಲಿ ಬಹಳ ಆಳವಾಗಿದೆ. ನಿಜವೇನೆಂದರೆ, ಗಾರೆಯ ಅಡಿಯಲ್ಲಿ ಮೂಳೆ ಮೊದಲೇ ಸವೆದಿರುತ್ತದೆ. ಸಡಿಲವಾದ ಹಲ್ಲುಗಳನ್ನು ಆ ಗಾರೆಯೇ ಒಂದಕ್ಕೊಂದು ಅಂಟಿಸಿ ನಿಲ್ಲಿಸಿರುತ್ತದೆ. ಅದನ್ನು ತೆಗೆದಾಗ ಇದ್ದ ಸಡಿಲ ಗೊತ್ತಾಗುತ್ತದೆ, ಅಷ್ಟೆ. ಭಾರತೀಯ ದಂತವೈದ್ಯಕೀಯ ಮಂಡಳಿ 2002–03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 35ರಿಂದ 44 ವಯಸ್ಸಿನವರಲ್ಲಿ ಶೇ 89.6 ಜನರಿಗೆ ಒಸಡಿನ ಒಂದಲ್ಲ ಒಂದು ತೊಂದರೆ ಇತ್ತು. ಹುಳುಕು ಹಲ್ಲು ಶೇ 80.2 ಜನರಿಗೆ, ಹನ್ನೆರಡು ವರ್ಷದ ಮಕ್ಕಳಲ್ಲೇ ಶೇ 53.8ರಷ್ಟು. ಮಧುಮೇಹ ಇರುವವರು ಒಸಡಿನ ತೊಂದರೆಯನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ರಕ್ತದಲ್ಲಿ ಸಕ್ಕರೆ ಏರಿದರೆ ಒಸಡಿನ ರೋಗ ಉಲ್ಬಣಿಸುತ್ತದೆ. ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2022ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಒಸಡಿಗೆ ಚಿಕಿತ್ಸೆ ಕೊಟ್ಟ ಮೂರು ನಾಲ್ಕು ತಿಂಗಳಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಸುಮಾರು 0.4ರಷ್ಟು ಇಳಿಯುತ್ತದೆ.

ಸಿಹಿ ಊಟದ ಹೊತ್ತಿಗೆ ಮಾತ್ರ ಎಂಬ ನನ್ನ ವಾದಕ್ಕೆ ವೈದ್ಯರೇ ಎತ್ತಬಹುದಾದ ಆಕ್ಷೇಪಣೆಯೊಂದಿದೆ: ಎಷ್ಟು ಸಲ ಎಂಬುದನ್ನೇ ಹಿಡಿದು ಕೂತರೆ ಎಷ್ಟು ಎಂಬುದು ಮರೆತುಹೋಗುವುದಿಲ್ಲವೇ? ಒಂದೇ ಸಲಕ್ಕೆ ಹತ್ತು ಹೋಳಿಗೆ ತಿನ್ನಲು ಇದು ಪರವಾನಗಿ ಆಗುವುದಿಲ್ಲವೇ? ಆಕ್ಷೇಪಣೆ ನ್ಯಾಯವಾದದ್ದು. ಸಕ್ಕರೆಯ ಒಟ್ಟು ಪ್ರಮಾಣಕ್ಕೂ ಹುಳುಕಿಗೂ ಸಂಬಂಧವಿದೆ. ಆ ಆಧಾರದ ಮೇಲೆಯೇ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ, ಆಹಾರದಿಂದ ಸಿಗುವ ಶಕ್ತಿಯಲ್ಲಿ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸ ಇವುಗಳ ಪಾಲು ಶೇ 10ಕ್ಕಿಂತ ಕಡಿಮೆ ಇರಬೇಕು, ಸಾಧ್ಯವಾದರೆ ಶೇ 5ಕ್ಕಿಂತ ಕಡಿಮೆ ಎಂದು ಹೇಳಿತು; ದೊಡ್ಡವರಿಗೆ ಅದು ದಿನಕ್ಕೆ ಸುಮಾರು 50 ಮತ್ತು 25 ಗ್ರಾಂ. ಮಧುಮೇಹಿಗೆ ಪ್ರಮಾಣವೇ ಮೊದಲ ಲೆಕ್ಕ. ಆದರೂ ನಾನು ಹೊತ್ತಿನ ನಿಯಮವನ್ನೇ ಮುಂದಿಡುವುದಕ್ಕೆ ಕಾರಣವಿದೆ. ಹಬ್ಬದಲ್ಲಿ ಗ್ರಾಂ ಎಣಿಸುವವರು ಯಾರೂ ಇಲ್ಲ. ಊಟದ ಹೊತ್ತಿಗೆ ಮಾತ್ರ ಎಂಬ ಮಾತು ಆರು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಹೊತ್ತು ಕಟ್ಟಿದರೆ ಪ್ರಮಾಣ ತಾನಾಗಿ ಇಳಿಯುತ್ತದೆ, ಏಕೆಂದರೆ ಅನ್ನ ಸಾರಿನ ಜೊತೆ ಹೊಟ್ಟೆ ತುಂಬಿದವರು ಡಬ್ಬಿ ಖಾಲಿ ಮಾಡಲಾರರು.

ಮನೆಗೆ ಬಂದವರ ಕೈಗೆ ಸಿಹಿ ಕೊಡದೆ ಕಳಿಸುವುದು ಹೇಗೆ, ಕೊಟ್ಟದ್ದನ್ನು ತಿನ್ನದೆ ಬರುವುದು ಹೇಗೆ ಎಂಬುದು ಇದಕ್ಕಿಂತ ನಾಜೂಕಿನ ಪ್ರಶ್ನೆ. ಮೈಸೂರು ಸೀಮೆಯಲ್ಲಿ ಗೊಂಬೆ ನೋಡಲು ಹೋಗುವ ಮಕ್ಕಳಿಗೆ ನವರಾತ್ರಿಯ ಒಂಬತ್ತು ಸಂಜೆಯೂ ಮನೆಮನೆಯಲ್ಲಿ ಗೊಂಬೆ ಬಾಗಿನ ಸಿಗುತ್ತದೆ. ಮಂಗಳೂರಿನಲ್ಲಿ ಕುಸ್ವಾರಿನ ತಟ್ಟೆ ಧರ್ಮ ನೋಡದೆ ನೆರೆಮನೆಗಳಿಗೆ ಹೋಗುತ್ತದೆ. ಇದನ್ನು ಹಲ್ಲಿನ ನೆಪದಲ್ಲಿ ಕತ್ತರಿಸಬೇಕೆನ್ನುವವರ ಜೊತೆ ನಾನಿಲ್ಲ. ಆದರೆ ದಾರಿ ನಮ್ಮ ಪದ್ಧತಿಯೊಳಗೇ ಇದೆ. ಬಾಗಿನ, ಪ್ರಸಾದ, ಎಳ್ಳು ಇವನ್ನು ಕಟ್ಟಿ ಮನೆಗೆ ಒಯ್ಯುವುದು ಹಿಂದಿನಿಂದಲೂ ಇದೆ. ಅಲ್ಲೇ ಬಾಯಿಗೆ ಹಾಕಿಕೊಳ್ಳದೆ ಕಟ್ಟಿಸಿಕೊಂಡು ಬಂದು, ರಾತ್ರಿಯ ಊಟದ ಜೊತೆ ಬಡಿಸಿಕೊಂಡರೆ ಕೊಟ್ಟವರಿಗೆ ಬೇಸರವಿಲ್ಲ, ತಿಂದವರಿಗೆ ನಷ್ಟವಿಲ್ಲ. ಕೊಡುವವರು ನವರಾತ್ರಿಯ ಕಡಲೆ ಉಸಲಿ, ಕೋಸಂಬರಿ, ಬಾಳೆಹಣ್ಣು, ಕೊಬ್ಬರಿಯನ್ನು ಹೆಚ್ಚಿಸಬಹುದು. ಮಕ್ಕಳಿಗೆ ಬೇಡ ಎಂದರೆ ಅತ್ತು ಕರೆಯುತ್ತಾರೆ. ಊಟಕ್ಕೆ ಎಂದರೆ ಕಾಯುತ್ತಾರೆ. ತಿಂದ ಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸುವ ನಮ್ಮ ಹಳೆಯ ಅಭ್ಯಾಸ ಹಲ್ಲುಜ್ಜುವುದಕ್ಕೆ ಬದಲಿಯಲ್ಲ, ಆದರೂ ಬಾಯಲ್ಲಿ ಉಳಿದ ಸಿಹಿಯ ಒಂದು ಪಾಲನ್ನು ಅದು ಹೊರಹಾಕುತ್ತದೆ. ಮೊಸರು ಹುಳಿಯಿದ್ದರೂ ಕ್ಯಾಲ್ಸಿಯಂ, ಫಾಸ್ಫೇಟ್ ಹೇರಳವಾಗಿರುವುದರಿಂದ ಎನಾಮಲ್ಲಿಗೆ ಹಾನಿ ಮಾಡುವುದಿಲ್ಲ. ಸಿಹಿಯ ನಂತರ ಮೊಸರನ್ನ ಬರುವುದು ಹಲ್ಲಿನ ದೃಷ್ಟಿಯಿಂದ ಒಳ್ಳೆಯ ಮುಕ್ತಾಯ. ನಿಂಬೆ ಪಾನಕ, ಬಾಟಲಿ ಪಾನೀಯಗಳ ವಿಷಯ ಹಾಗಲ್ಲ. ಅವು ಸ್ವತಃ ಆಮ್ಲ, ಮೇಲೆ ಸಕ್ಕರೆ. ಅವನ್ನು ಕುಡಿದ ತಕ್ಷಣ ಉಜ್ಜಿದರೆ ಮೆತ್ತಗಾದ ಎನಾಮಲ್ ಸವೆಯುತ್ತದೆ, ಅರ್ಧ ಗಂಟೆಯಾದರೂ ಕಳೆಯಲಿ.

ಊಟದ ನಂತರದ ಎಲೆ ಅಡಿಕೆಯ ಬಗ್ಗೆ ಹೇಳದೆ ಮುಂದೆ ಹೋಗುವುದು ಪ್ರಾಮಾಣಿಕತೆಯಾಗದು. ತಾಂಬೂಲ ನಮ್ಮಲ್ಲಿ ಗೌರವದ ಗುರುತು, ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯವೂ ನಮ್ಮದೇ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಹೊಗೆಸೊಪ್ಪು ಇಲ್ಲದ ತಾಂಬೂಲವನ್ನೂ, ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ಪದಾರ್ಥಗಳ ಪಟ್ಟಿಗೆ ಸೇರಿಸಿದೆ. ತಾಂಬೂಲವನ್ನು ಕೊಡಿ, ತೆಗೆದುಕೊಳ್ಳಿ. ಹಬ್ಬದ ನೆಪದಲ್ಲಿ ಹದಿಹರೆಯದವರ ಬಾಯಿಗೆ ಅದರ ರುಚಿ ಹತ್ತಿಸಬೇಡಿ.

ರಾತ್ರಿ ಉಜ್ಜುವ ಪೇಸ್ಟಿನಲ್ಲಿ 1000ದಿಂದ 1500 ಪಿಪಿಎಂ ಫ್ಲೋರೈಡ್ ಇರಲಿ. ಎರಡು ನಿಮಿಷ ಉಜ್ಜಿ ನೊರೆ ಉಗಿದುಬಿಡಿ. ಲೋಟಗಟ್ಟಲೆ ನೀರು ಹಾಕಿ ತೊಳೆದರೆ ಹಲ್ಲಿನ ಮೇಲೆ ಉಳಿಯಬೇಕಾದ ಫ್ಲೋರೈಡೂ ಹೋಗುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರೊಳಗಿನವರಿಗೆ ಬಟಾಣಿಕಾಳಿನಷ್ಟು ಪೇಸ್ಟ್ ಸಾಕು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ರಾಯಚೂರು ಕಡೆಯವರು ಇಲ್ಲಿ ಒಂದು ಪ್ರಶ್ನೆ ಎತ್ತುವುದು ನ್ಯಾಯ: ನಮ್ಮ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಹೆಚ್ಚು, ಮಕ್ಕಳ ಹಲ್ಲು ಕಂದುಗಟ್ಟಿದೆ, ಮತ್ತೆ ಪೇಸ್ಟಿನಲ್ಲೂ ಬೇಕೇ? ಆ ಕಂದು ಕಲೆ ಬರುವುದು ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದಾಗ. ದೊಡ್ಡವರು ಉಜ್ಜಿ ಉಗಿಯುವ ಪೇಸ್ಟಿನಿಂದ ಅದು ಬರುವುದಿಲ್ಲ. ಅಂಥ ಊರುಗಳಲ್ಲಿ ನುಂಗುವ ವಯಸ್ಸಿನ ಮಕ್ಕಳಿಗೆ ಯಾವ ಪೇಸ್ಟ್ ಎಂದು ದಂತವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು. ಕುಡಿಯುವ ನೀರಿನ ವ್ಯವಸ್ಥೆ ಸರಿಪಡಿಸುವುದು ಮಾತ್ರ ಸರ್ಕಾರದ ಕೆಲಸ, ಅದು ಪೇಸ್ಟಿನಿಂದ ಆಗದು. ತಣ್ಣನೆಯದಕ್ಕೆ ಜುಮ್ಮೆನ್ನುವ ಹಲ್ಲಿದ್ದರೆ, ತಿಂದದ್ದು ಸಿಕ್ಕಿಕೊಳ್ಳುವ ಗುಂಡಿಯಿದ್ದರೆ ಹಬ್ಬದ ಮುಂಚೆಯೇ ತೋರಿಸಿಬಿಡಿ; ಸಾಲು ರಜೆಯಲ್ಲಿ ಕ್ಲಿನಿಕ್ಕುಗಳು ಮುಚ್ಚಿರುತ್ತವೆ. ಲವಂಗದ ಎಣ್ಣೆ ನೋವನ್ನು ಒಂದು ರಾತ್ರಿ ಮಂಕು ಮಾಡುತ್ತದೆ, ರೋಗವನ್ನಲ್ಲ. ಹೊಗೆಸೊಪ್ಪು ಇಡುವುದು, ಮಾತ್ರೆ ಪುಡಿಮಾಡಿ ಹಲ್ಲಿಗೆ ಒತ್ತುವುದು ಒಸಡನ್ನು ಸುಡುತ್ತದೆ. ಮುಖ ಊದಿ ಜ್ವರ ಬಂದರೆ, ನುಂಗಲು ಉಸಿರಾಡಲು ಕಷ್ಟವಾದರೆ ಹಬ್ಬವೆಂದು ಕಾಯದೆ ನೇರ ಆಸ್ಪತ್ರೆಗೆ ಹೋಗಬೇಕು.

ಈ ಸಲದ ಹಬ್ಬಕ್ಕೆ ಹೋಳಿಗೆಯನ್ನು ಎಂದಿನಂತೆ ಮಾಡಿ, ತುಪ್ಪ ಹಾಕಿಯೇ ಬಡಿಸಿ. ಉಳಿದದ್ದನ್ನು ಡಬ್ಬಿಗೆ ತುಂಬಿದ ಮೇಲೆ ಆ ಡಬ್ಬಿಯನ್ನು ಕಟ್ಟೆಯ ಮೇಲೆ ಬಿಡದೆ ಮಕ್ಕಳ ಕೈಗೂ ನಿಮ್ಮ ಕೈಗೂ ಸುಲಭವಾಗಿ ಎಟುಕದ ಅಟ್ಟದ ಮೇಲಿಡಿ. ಎಲೆ ಹಾಕಿದಾಗ ಇಳಿಸಿ.